ನಿಂತ ಹೃದಯವೂ ದಾದಿಯ ಕೈಯೂ

ಮನುಷ್ಯನ ಗುಂಡಿಗೆಯು ಅವನ ಮುಷ್ಟಿಯಷ್ಟೇ ದೊಡ್ಡದು. ಅದು ನಿಮಿಷಕ್ಕೆ ಸುಮಾರು 70 ಸಲ ಮಿಡಿಯುತ್ತ ಅಷ್ಟರಲ್ಲಿ ಸುಮಾರು 5 ಲೀಟರು ರಕ್ತವನ್ನು ಮೈಯೆಲ್ಲ ಹರಿಯಿಸುತ್ತದೆ. ಹೀಗೆ ದಿನವೊಂದಕ್ಕೆ ಒಂದು ಲಕ್ಷ ಸಲ ದುಡಿಯುವ ಈ ಯಂತ್ರಕ್ಕೆ ರಜೆಯೆಂಬುದಿಲ್ಲ. ನಾವು ನಿದ್ರಿಸುವಾಗಲೂ ಅದು ಎಚ್ಚತ್ತೇ ಇರುತ್ತದೆ. ಅದು ನಿಂತುಹೋದರೆ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ಮಿದುಳಿಗೆ ರಕ್ತವಿಲ್ಲದೆ ನಾಲ್ಕೈದು ನಿಮಿಷಗಳು ಕಳೆದರೆ, ಮರಳಿ ಕಟ್ಟಲಾಗದ ಹಾನಿ ಅಲ್ಲಿ ಮೊದಲಾಗುತ್ತದೆ. ಹಿಂದಿನವರು ಇದನ್ನೇ ಮರಣವೆಂದು ಕರೆದು ಕೈಕಟ್ಟಿ ಕುಳಿತುಕೊಳ್ಳುತ್ತಿದ್ದರು. ಆದರೆ ಹೃದಯ ನಿಂತುದಕ್ಕೂ ಮಿದುಳು ಸತ್ತುದಕ್ಕೂ ನಡುವೆ ಕೆಲವು ನಿಮಿಷಗಳ ಅಂತರವುಂಟು. ಆ ಅಂತರದಲ್ಲಿ ಒಬ್ಬರು ತಮ್ಮ ಎರಡು ಕೈಗಳಿಂದ ಹೃದಯದ ಕೆಲಸವನ್ನು ತಾವೇ ವಹಿಸಿಕೊಂಡರೆ, ಹೋಗುವ ಜೀವವನ್ನು ತಡೆದು ನಿಲ್ಲಿಸುವುದು ಕೆಲವೊಮ್ಮೆ ಸಾಧ್ಯವಾಗುತ್ತದೆ. ಈ ಕ್ರಿಯೆಗೆ ಹೃದಯ-ಶ್ವಾಸ ಪುನಶ್ಚೇತನವೆಂದು ಹೆಸರು. ಆಸ್ಪತ್ರೆಗಳಲ್ಲಿ ಎಲ್ಲರೂ ಇದನ್ನು ಸಿ.ಪಿ.ಆರ್. ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಕರೆಯೋಣ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಹೃದಯದ ಸ್ನಾಯುವಿಗೆ ರಕ್ತವನ್ನೊಯ್ಯುವ ಧಮನಿಯಲ್ಲಿ ತಡೆಯುಂಟಾಗಿ ಎದೆನೋವು ಬರುವುದು ಹೃದಯಾಘಾತ. ಆಗ ರೋಗಿಗೆ ಎಚ್ಚರವಿರುತ್ತದೆ, ಮಾತನಾಡುತ್ತಾನೆ, ನಾಡಿ ಮಿಡಿಯುತ್ತಿರುತ್ತದೆ. ಅವನನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕೇ ಹೊರತು ಎದೆಯನ್ನು ಒತ್ತಬಾರದು. ಗುಂಡಿಗೆಯ ಮಿಡಿತವೇ ನಿಲ್ಲುವುದು ಹೃದಯಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ನೀರಿನಲ್ಲಿ ಮುಳುಗುವುದು, ವಿದ್ಯುತ್ತಿನ ಆಘಾತ ಮುಂತಾದವೂ ಕಾರಣವಾಗಬಹುದು.

ನಮ್ಮ ಹೈದರಾಬಾದು ಈ ವಿದ್ಯೆಯ ಇತಿಹಾಸದಲ್ಲಿ ಒಂದು ವಿಚಿತ್ರವಾದ ಸ್ಥಾನವನ್ನು ಪಡೆದಿದೆ. ಇಲ್ಲಿ ವಾಸಿಸುವ ನಮ್ಮಲ್ಲಿ ಅನೇಕರಿಗೆ ಅದು ತಿಳಿಯದು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸನು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುಗಳನ್ನು ಕಂಡ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಕೆಲವು ವರ್ಷ ಮೊದಲು ನಡೆದ ಕ್ಲೋರೋಫಾರಂ ಆಯೋಗದ ಕಥೆಯನ್ನು ಹೇಳುವವರು ವಿರಳ.

ಶಸ್ತ್ರಚಿಕಿತ್ಸೆಯ ನೋವನ್ನು ಮರೆಸುವ ಕ್ಲೋರೋಫಾರಮ್ಮನ್ನು ಎಡಿನ್‌ಬರೋದ ಸಿಂಪ್ಸನ್ನನು 1847ರಲ್ಲಿ ಬಳಕೆಗೆ ತಂದನು. ಮೂರು ತಿಂಗಳು ಕಳೆಯುವುದರೊಳಗೆ, 1848ರ ಜನವರಿಯಲ್ಲಿ, ಇಂಗ್ಲೆಂಡಿನಲ್ಲಿ ಹಾನಾ ಗ್ರೀನರ್ ಎಂಬ ಹುಡುಗಿಯು ಅದನ್ನು ಸೇವಿಸಿ ತೀರಿಕೊಂಡಳು. ಅವಳ ವಯಸ್ಸು 15. ನಿಮ್ಮಲ್ಲಿ ಹಲವರ ವಯಸ್ಸು. ಅವಳಿಗೆ ಮಾಡಬೇಕಾಗಿದ್ದ ಶಸ್ತ್ರಚಿಕಿತ್ಸೆಯಾದರೂ ಎಂಥದು? ಕಾಲ್ಬೆರಳಿನ ಉಗುರನ್ನು ತೆಗೆಯುವುದಷ್ಟೆ. ಇಂಥ ಸಾವುಗಳು ಅಲ್ಲಲ್ಲಿ ನಡೆಯುತ್ತ ಬಂದುವು. ಆಗ ವೈದ್ಯರಲ್ಲಿ ಒಂದು ವಾದವು ಹುಟ್ಟಿತು: ಕ್ಲೋರೋಫಾರಂ ಕೊಲ್ಲುವುದು ಉಸಿರನ್ನು ನಿಲ್ಲಿಸಿಯೋ, ಹೃದಯವನ್ನು ನಿಲ್ಲಿಸಿಯೋ? ಇದು ಬರಿಯ ಪಂಡಿತರ ಜಗಳವಾಗಿರಲಿಲ್ಲ. ಉಸಿರು ಮೊದಲು ನಿಲ್ಲುವುದಾದರೆ ಮದ್ದು ಕೊಡುವವನು ಉಸಿರನ್ನೇ ನೋಡುತ್ತಿರಬೇಕು. ಹೃದಯವು ಮೊದಲು ನಿಲ್ಲುವುದಾದರೆ ಅವನ ಬೆರಳು ನಾಡಿಯ ಮೇಲಿರಬೇಕು.

ಆಗ ಹೈದರಾಬಾದಿನಲ್ಲಿ ರೆಸಿಡೆನ್ಸಿಯ ಶಸ್ತ್ರವೈದ್ಯನಾಗಿಯೂ ವೈದ್ಯಶಾಲೆಯ ಮುಖ್ಯಸ್ಥನಾಗಿಯೂ ಇದ್ದವನು ಎಡ್ವರ್ಡ್ ಲಾರಿ. ಕೋಠಿಯಲ್ಲಿ ಇಂದು ಮಹಿಳಾ ವಿಶ್ವವಿದ್ಯಾಲಯವಿರುವ ಆವರಣವೇ ಆ ರೆಸಿಡೆನ್ಸಿ. ಅವನು ಕಲಿಸುತ್ತಿದ್ದ ವೈದ್ಯಶಾಲೆಯು 1846ರಲ್ಲಿ ಸ್ಥಾಪನೆಯಾದುದು. ಮೊದಲು ಅಲ್ಲಿ ಪಾಠವು ಉರ್ದುವಿನಲ್ಲಿಯೇ ನಡೆಯುತ್ತಿತ್ತು. ದೇಶಭಾಷೆಯಲ್ಲಿ ವಿಜ್ಞಾನವನ್ನು ಹೇಳಿಕೊಡಲಾಗದು ಎನ್ನುವವರಿಗೆ ಈ ನಗರವು ಅಷ್ಟು ಹಿಂದೆಯೇ ಉತ್ತರ ಕೊಟ್ಟಿದೆಯೆಂಬುದನ್ನು, ಕನ್ನಡದಲ್ಲಿಯೇ ಓದಿ ಕನ್ನಡದಲ್ಲಿಯೇ ಕಲಿಸುತ್ತಿರುವ ನಾನು ಇಲ್ಲಿ ಹೇಳದೆ ಇರಲಾರೆ.

ಲಾರಿಯ ಮತವು ಉಸಿರಿನ ಪಕ್ಷದ್ದು. ಅದನ್ನು ಪರೀಕ್ಷಿಸಲು 1888ರಲ್ಲಿ ಇಲ್ಲಿ ಮೊದಲನೆಯ ಆಯೋಗವು ಕುಳಿತು, ನಾಯಿಗಳ ಮೇಲೆ ಪ್ರಯೋಗ ಮಾಡಿ ಅವನ ಮತವನ್ನೇ ಸಮರ್ಥಿಸಿತು. ಲಂಡನ್ನಿನ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯು ಇದನ್ನು ನಂಬಲಿಲ್ಲ. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರಕಾರವು, ನೀವೇ ಒಬ್ಬ ತಜ್ಞನನ್ನು ಕಳುಹಿಸಿರೆಂದು ಹೇಳಿ 1,000 ಪೌಂಡುಗಳನ್ನು ಒದಗಿಸಿತು. 1889ರಲ್ಲಿ ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯನು ಬಂದು ಎರಡನೆಯ ಆಯೋಗದಲ್ಲಿ ಸೇರಿದನು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದುವು. ಈ ಪ್ರಯೋಗಗಳ ಕಾಲದಲ್ಲಿ ಇಲ್ಲಿ ಕಲಿತವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸಿ ಮಹಿಳೆಯೂ ಒಬ್ಬರು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರನ್ನು ಎಣಿಸುತ್ತಾರೆ.

ಎರಡನೆಯ ಆಯೋಗದ ತೀರ್ಪೂ ಲಾರಿಯ ಕಡೆಗೇ ಬಂದಿತು: ಉಸಿರೇ ಮೊದಲು ನಿಲ್ಲುತ್ತದೆ, ಆದುದರಿಂದ ಉಸಿರನ್ನು ನೋಡಿದರೆ ಸಾಕು. ಉಸಿರಾಟದ ಮೇಲೆ ಸದಾ ಕಣ್ಣಿಡಬೇಕೆಂಬ ಪಾಠವು ಒಳ್ಳೆಯದೇ. ನಾಡಿಯನ್ನು ನೋಡಬೇಕಾಗಿಲ್ಲವೆಂಬ ಪಾಠವು ಮಾತ್ರ ತಪ್ಪು. ಅದೇ 1889ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಮ್ಯಾಕ್‌ವಿಲಿಯಮ್ ಎಂಬಾತನು, ಮನುಷ್ಯರ ಹಠಾತ್ ಮರಣಕ್ಕೆ ಹೃದಯದ ಕಂಪನವು ಕಾರಣವಾಗಿರಬಹುದೆಂದು ಬರೆದನು. ಕಂಪನವೆಂದರೆ, ಹೃದಯದ ಸ್ನಾಯುವಿನ ಎಳೆಗಳೆಲ್ಲ ಒಗ್ಗಟ್ಟಿಲ್ಲದೆ ತಮ್ಮಷ್ಟಕ್ಕೆ ತಾವು ನಡುಗುವುದು. ಹಗ್ಗ ಜಗ್ಗುವ ಆಟದಲ್ಲಿ ಒಬ್ಬೊಬ್ಬನೂ ತನಗೆ ತೋಚಿದಾಗ ಜಗ್ಗಿದರೆ ಹಗ್ಗವು ಅಲ್ಲಾಡುತ್ತದೆಯೇ ಹೊರತು ಸರಿಯುವುದಿಲ್ಲವಷ್ಟೆ? ಹಾಗೆಯೇ ಕಂಪಿಸುವ ಹೃದಯವು ಒಂದು ಹನಿ ರಕ್ತವನ್ನೂ ಮುಂದಕ್ಕೆ ದೂಡಲಾರದು. 1911ರಲ್ಲಿ ಗುಡ್‌ಮನ್ ಲೀವಿಯು, ಕ್ಲೋರೋಫಾರಮ್ಮಿನ ಮಂದ ಮತ್ತಿನಲ್ಲಿಯೇ ಹೃದಯವು ಹೀಗೆ ಥಟ್ಟನೆ ಕಂಪನಕ್ಕೆ ಬೀಳಬಲ್ಲುದೆಂದು ಪ್ರಯೋಗದಿಂದ ತೋರಿಸಿದನು. ಉಸಿರು, ರಕ್ತದ ಹರಿವು ಎರಡನ್ನೂ ಕಾಯಬೇಕೆಂಬ ಇಂದಿನ ತಿಳಿವಳಿಕೆಯಲ್ಲಿ ನಮ್ಮ ನಗರವು ಅರ್ಧವನ್ನು ಸರಿಯಾಗಿಯೂ ಅರ್ಧವನ್ನು ತಪ್ಪಾಗಿಯೂ ಹೇಳಿತ್ತೆನ್ನಬಹುದು.

ಆ ಕಾಲದ ಅಫ್ಜಲ್‌ಗಂಜ್ ಆಸ್ಪತ್ರೆಯು 1908ರ ಮೂಸಿ ನದಿಯ ಮಹಾಪೂರದಲ್ಲಿ ಹಾಳಾಯಿತು. ಆ ದಿನ ಆಸ್ಪತ್ರೆಯ ಆವರಣದ ಹುಣಿಸೆಯ ಮರವನ್ನು ಹತ್ತಿ ಸುಮಾರು 150 ಜನರು ಬದುಕಿಕೊಂಡರೆಂದು ಪ್ರಸಿದ್ಧವಾಗಿದೆ. ಮುಂದೆ ಏಳನೆಯ ನಿಜಾಮರ ಕಾಲದಲ್ಲಿ ಅಲ್ಲಿ ಎದ್ದದ್ದೇ ಉಸ್ಮಾನಿಯ ಆಸ್ಪತ್ರೆ.

ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಉಸಿರು ನಿಂತವರಿಗೆ ಮಾಡುತ್ತಿದ್ದ ಉಪಚಾರವು ಇಂದು ನಮಗೆ ವಿಚಿತ್ರವಾಗಿ ಕಾಣುತ್ತದೆ. ರೋಗಿಯನ್ನು ಬೋರಲು ಮಲಗಿಸಿ ಬೆನ್ನನ್ನು ಒತ್ತುವುದು, ಬಳಿಕ ತೋಳುಗಳನ್ನೆತ್ತುವುದು: ಇದು 1932ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್ ಹೇಳಿಕೊಟ್ಟ ಕ್ರಮ. ಸ್ಕೌಟುಗಳಾಗಿದ್ದ ನಿಮ್ಮ ಅಜ್ಜಂದಿರು ಇದನ್ನು ಕಲಿತಿದ್ದರೂ ಇರಬಹುದು. 1950ರ ದಶಕದಲ್ಲಿ ಅಮೆರಿಕೆಯ ಜೇಮ್ಸ್ ಈಲಮ್, ಪೀಟರ್ ಸಾಫರ್ ಎಂಬ ವೈದ್ಯರು, ಬಾಯಿಗೆ ಬಾಯಿಟ್ಟು ಊದುವುದೇ ಇದಕ್ಕಿಂತ ಮೇಲೆಂದು ಸಿದ್ಧಪಡಿಸಿದರು. ನಾವು ಹೊರಬಿಡುವ ಉಸಿರಿನಲ್ಲಿಯೂ ನೂರಕ್ಕೆ 16ರಷ್ಟು ಆಮ್ಲಜನಕವು ಉಳಿದಿರುತ್ತದೆ. ಇನ್ನೊಬ್ಬರ ಜೀವವನ್ನು ಹಿಡಿದಿಡಲು ಅಷ್ಟು ಸಾಕು. ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲವನ್ನೆತ್ತಿದರೆ, ಹಿಂದಕ್ಕೆ ಕುಸಿದ ನಾಲಗೆಯು ಸರಿದು ಗಾಳಿಯ ದಾರಿ ತೆರೆಯುವುದೆಂಬುದನ್ನೂ ಸಾಫರ್ ತೋರಿಸಿಕೊಟ್ಟನು.

ಹೃದಯದ ಸರದಿ ಬಂದುದು ಅಕಸ್ಮಾತ್ತಾಗಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ವಿದ್ಯುತ್ ಇಂಜಿನಿಯರನಾದ ಕೌವೆನ್‌ಹೋವನ್ನನು, ಕಂಪಿಸುವ ಹೃದಯವನ್ನು ವಿದ್ಯುತ್ತಿನಿಂದ ಸರಿಪಡಿಸುವ ಯಂತ್ರವನ್ನು ನಾಯಿಗಳ ಮೇಲೆ ಪರೀಕ್ಷಿಸುತ್ತಿದ್ದನು. ಅವನ ಜೊತೆಗಿದ್ದ ನಿಕ್ಕರ್‌ಬಾಕರ್ ಎಂಬ ತರುಣನು ಒಂದು ಸಂಗತಿಯನ್ನು ಗಮನಿಸಿದನು. ವಿದ್ಯುತ್ತನ್ನು ಹರಿಸುವ ಮೊದಲೇ, ಭಾರವಾದ ಆ ಫಲಕಗಳನ್ನು ಎದೆಗೆ ಒತ್ತಿದಾಗಲೇ ರಕ್ತದ ಒತ್ತಡವು ತುಸು ಏರುತ್ತಿತ್ತು! ಹಾಗಾದರೆ ಕೈಯಿಂದ ಲಯಬದ್ಧವಾಗಿ ಒತ್ತಿದರೆ? ಜೂಡ್ ಎಂಬ ಶಸ್ತ್ರವೈದ್ಯನು ಇದನ್ನು ಮನುಷ್ಯರಲ್ಲಿ ಪ್ರಯೋಗಿಸಿದನು. 1960ರ ಜುಲೈಯಲ್ಲಿ ಮೂವರೂ ಸೇರಿ ಪ್ರಕಟಿಸಿದ ಲೇಖನದಲ್ಲಿ 20 ರೋಗಿಗಳ ವೃತ್ತಾಂತವಿದೆ. ಅವರಲ್ಲಿ 14 ಜನರು ಬದುಕಿದರು. ಅಲ್ಲಿಯವರೆಗೆ ಹೃದಯವನ್ನು ಹಿಚುಕಬೇಕಾದರೆ ಎದೆಯನ್ನು ಕೊಯ್ದು ತೆರೆಯಬೇಕಾಗಿತ್ತು. ಅದು ಶಸ್ತ್ರವೈದ್ಯನೊಬ್ಬನಿಂದ ಮಾತ್ರ ಆಗತಕ್ಕ ಕೆಲಸ. ಇನ್ನು ಮುಂದೆ ಅದು ಹತ್ತಿರವಿದ್ದವರ ಕೆಲಸವಾಯಿತು.

ಆಸ್ಪತ್ರೆಯಲ್ಲಿ ರೋಗಿಗೆ ಹತ್ತಿರವಿರುವವರು ಯಾರು? ವೈದ್ಯರು ಬಂದು ನೋಡಿ ಹೋಗುತ್ತಾರೆ. ಹಗಲೂ ಇರುಳೂ ಹಾಸಿಗೆಗಳ ನಡುವೆ ಓಡಾಡುವವಳು ದಾದಿ. ರಾತ್ರಿಯ ಪಾಳಿಯಲ್ಲಿ ರೋಗಿಯೊಬ್ಬನ ಹೃದಯವು ನಿಂತರೆ ಅದನ್ನು ಮೊದಲು ಕಾಣತಕ್ಕವಳು ಬಹುಮಟ್ಟಿಗೆ ಅವಳೇ. ವೈದ್ಯರಿಗೆ ಹೇಳಿ ಕಳುಹಿಸಿ ಅವರು ಬರುವ ತನಕ ಸುಮ್ಮನೆ ನಿಂತಿದ್ದರೆ ಮಿದುಳಿನ ನಾಲ್ಕೈದು ನಿಮಿಷಗಳು ಮುಗಿದೇ ಹೋಗಬಹುದು. ಇದನ್ನು ಅರಿತೇ 1960ರ ದಶಕದಲ್ಲಿ ಅಮೆರಿಕೆಯ ಫಿಲಡೆಲ್ಫಿಯದಲ್ಲಿ ಮೆಲ್ಟ್ಸರ್ ಎಂಬ ವೈದ್ಯನು, ಹೃದಯರೋಗಿಗಳ ವಿಶೇಷ ವಾರ್ಡಿನಲ್ಲಿ ವಿದ್ಯುದಾಘಾತ ಯಂತ್ರವನ್ನು ದಾದಿಯರ ಕೈಗೇ ಒಪ್ಪಿಸಿದನು. ವೈದ್ಯರಿಗೆ ಮಾತ್ರ ಮೀಸಲಾಗಿದ್ದ ಕೆಲಸವನ್ನು ದಾದಿಯರಿಗೆ ಕೊಡುವುದು ಆಗ ಸಣ್ಣ ಮಾತಲ್ಲ. ದಾದಿಯೆಂದರೆ ಮದ್ದು ಕೊಟ್ಟು ಹಾಸಿಗೆ ಸರಿಪಡಿಸುವವಳೆಂದು ಇಂದಿಗೂ ಭಾವಿಸುವವರು ನಮ್ಮಲ್ಲಿದ್ದಾರೆ. ಅಂಥವರು ಒಮ್ಮೆ ಅವಳ ಪಠ್ಯಪುಸ್ತಕಗಳನ್ನು ತೆರೆದು ನೋಡಬೇಕು.

ನಮ್ಮ ದೇಶದಲ್ಲಿ 1947ರ ಕಾಯಿದೆಯಿಂದ ಏರ್ಪಟ್ಟ ಭಾರತೀಯ ಶುಶ್ರೂಷಾ ಪರಿಷತ್ತು ದಾದಿಯರ ಶಿಕ್ಷಣದ ಕಟ್ಟಳೆಗಳನ್ನು ಗೊತ್ತುಮಾಡುತ್ತದೆ. ಬಿ.ಎಸ್‌ಸಿ. ನರ್ಸಿಂಗ್ ಪದವಿಗೆ ನಾಲ್ಕು ವರ್ಷಗಳ ಓದು. ಪುನಶ್ಚೇತನವನ್ನು ಅವರು ಪುಸ್ತಕದಿಂದ ಕಲಿಯುವುದು ಸ್ವಲ್ಪ, ಗೊಂಬೆಯಿಂದ ಕಲಿಯುವುದು ಬಹಳ. ಈ ಗೊಂಬೆಗೂ ಒಂದು ಕಥೆಯುಂಟು. 1960ರಲ್ಲಿ ನಾರ್ವೆ ದೇಶದ ಆಟಿಕೆ ತಯಾರಕನಾದ ಲೇರ್ಡಾಲ್ ಎಂಬಾತನು ಇದನ್ನು ರಚಿಸಿದನು. ಅದರ ಮುಖಕ್ಕೆ ಮಾದರಿಯಾದುದು, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ ಹೆಸರಿಲ್ಲದ ತರುಣಿಯೊಬ್ಬಳ ಮುಖದ ಅಚ್ಚು. ಯಾರೂ ಬದುಕಿಸದ ಆ ಹುಡುಗಿಯ ಮುಖದ ಮೇಲೆ ಬಾಗಿ ಲಕ್ಷಾಂತರ ಜನರು ಬದುಕಿಸುವುದನ್ನು ಕಲಿತಿದ್ದಾರೆ.

ಕಳೆದ ವರ್ಷ ಈ ನಗರದ ನರ್ಸಿಂಗ್ ಕಾಲೇಜೊಂದರಲ್ಲಿ ಇಂಥ ಅಭ್ಯಾಸವನ್ನು ನೋಡುವ ಅವಕಾಶ ನನಗೆ ದೊರಕಿತು. ಆಂಧ್ರ, ತೆಲಂಗಾಣ, ಕೇರಳದ ಹುಡುಗಿಯರೊಂದಿಗೆ ನಮ್ಮ ಕಲಬುರಗಿ, ಬೀದರಿನ ಕಡೆಯವರೂ ಇಬ್ಬರಿದ್ದರು. ಒಬ್ಬಳು ಬಂದು ಗೊಂಬೆಯ ಭುಜಗಳನ್ನು ತಟ್ಟಿ ಕರೆಯುತ್ತಾಳೆ, ಉತ್ತರವಿಲ್ಲ. ಕೂಗಿ ಸಹಾಯವನ್ನು ಕರೆಯುತ್ತಾಳೆ. ಕತ್ತಿನ ಪಕ್ಕದ ನಾಡಿಯ ಮೇಲೆ ಬೆರಳಿಟ್ಟು ಅದೇ ವೇಳೆಗೆ ಎದೆಯ ಏರಿಳಿತವನ್ನು ನೋಡುತ್ತಾಳೆ. ಇದಕ್ಕೆ 10 ಸೆಕೆಂಡು ಮೀರಬಾರದು. ಬಳಿಕ ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನು ಹೆಣೆದು, ಮೊಣಕೈಗಳನ್ನು ಮಡಿಸದೆ ಮೈಭಾರದಿಂದ ಒತ್ತುತ್ತಾಳೆ. ಎದೆಯು 5 ಸೆಂಟಿಮೀಟರಿಗೆ ಕಡಮೆಯಿಲ್ಲದೆ, 6ನ್ನು ಮೀರದೆ ತಗ್ಗಬೇಕು. ವೇಗವು ನಿಮಿಷಕ್ಕೆ 100ರಿಂದ 120. 30 ಒತ್ತುಗಳಾದ ಮೇಲೆ ಎರಡು ಸಲ ಉಸಿರು. ಆಸ್ಪತ್ರೆಯಲ್ಲಿ ಇದಕ್ಕೆ ಬಾಯಿಯ ಬದಲು ಹಿಸುಕುವ ಗಾಳಿಚೀಲವನ್ನು ಬಳಸುತ್ತಾರೆ.

ನೋಡುವವರಿಗೆ ಇದು ಸುಲಭವೆನಿಸೀತು. ಆದರೆ ಸೂಕ್ಷ್ಮಗಳೆಲ್ಲ ಇರುವುದು ನೋಡುವವರ ಕಣ್ಣಿಗೆ ಬೀಳದ ಕಡೆಯಲ್ಲಿ. ಪ್ರತಿಯೊಂದು ಒತ್ತಿನ ಬಳಿಕ ಎದೆಯು ಪೂರ್ತಿಯಾಗಿ ಮೇಲೇಳಲು ಬಿಡಬೇಕು. ಹೃದಯದೊಳಕ್ಕೆ ರಕ್ತವು ಮರಳಿ ತುಂಬುವುದು ಆಗಲೇ. ಕೈಭಾರವನ್ನು ಹಾಗೆಯೇ ಬಿಟ್ಟರೆ, ಅರ್ಧ ಮುಳುಗಿಸಿದ ಬಿಂದಿಗೆಯಿಂದ ನೀರು ಸೇದಿದಂತಾಗುತ್ತದೆ. ಮೆತ್ತನೆಯ ಹಾಸಿಗೆಯ ಮೇಲೆ ಒತ್ತಿದರೆ ಎದೆಯ ಬದಲು ಹಾಸಿಗೆಯೇ ತಗ್ಗುತ್ತದೆ. ಆದುದರಿಂದ ಬೆನ್ನಿನಡಿ ಗಟ್ಟಿ ಹಲಗೆ ಬೇಕು. ಮಂಚವು ಎತ್ತರವಾಗಿದ್ದರೆ ಗಿಡ್ಡ ಹುಡುಗಿಯ ತೋಳು ಬಾಗುತ್ತದೆ. ಅವಳಿಗೆ ಮೆಟ್ಟುಮಣೆ ಬೇಕು. ಎರಡು ನಿಮಿಷಗಳಾಗುತ್ತಲೇ ಎಂಥ ಗಟ್ಟಿಗಳಿಗೂ ದಣಿವಾಗಿ ಒತ್ತಿನ ಆಳವು ಕುಗ್ಗುತ್ತದೆ. ಸೋಜಿಗವೆಂದರೆ, ದಣಿದವಳಿಗೆ ತಾನು ದಣಿದೆನೆಂಬುದು ಬೇಗ ಗೊತ್ತೇ ಆಗುವುದಿಲ್ಲ. ಆದುದರಿಂದ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸುವುದು ನಿಯಮ. ಬದಲಾಯಿಸುವಾಗಲೂ ಹೆಚ್ಚು ಹೊತ್ತು ನಿಲ್ಲಿಸಬಾರದು. ನಿಲ್ಲಿಸಿದೊಡನೆ ಕಷ್ಟಪಟ್ಟು ಏರಿಸಿದ ಒತ್ತಡವು ಇಳಿದುಬಿಡುತ್ತದೆ. ಎಷ್ಟು ಚೆನ್ನಾಗಿ ಒತ್ತಿದರೂ ಸಹಜ ಹರಿವಿನ ಕಾಲುಭಾಗವೋ ಮೂರರಲ್ಲೊಂದು ಭಾಗವೋ ಮಾತ್ರ ದೊರೆಯುತ್ತದೆ. ಇಷ್ಟು ಅಲ್ಪವಾದ ಗಳಿಕೆಯಲ್ಲಿ ಸೋರಿಕೆಗೆ ಎಡೆಯೆಲ್ಲಿದೆ?

ಅಲ್ಲಿ ನನ್ನ ಮನಸ್ಸನ್ನು ಸೆಳೆದುದು ಎಣಿಕೆ. ಹುಡುಗಿಯರು ಗಟ್ಟಿಯಾಗಿ ಎಣಿಸುತ್ತ ಒತ್ತುತ್ತಿದ್ದರು. ಕೆಲವರು ಇಂಗ್ಲಿಷಿನಲ್ಲಿ, ಕೆಲವರು ತೆಲುಗಿನಲ್ಲಿ. ಬೀದರಿನ ಹುಡುಗಿಯು ಕನ್ನಡದಲ್ಲಿ ಎಣಿಸಿದಳು. ಒಂದು, ಎರಡು, ಮೂರು ಎನ್ನುವಾಗ ವೇಗವು ಸರಿಯಾಗಿತ್ತು. ಇಪ್ಪತ್ತನ್ನು ದಾಟುತ್ತಲೇ ‘ಇಪ್ಪತ್ತೊಂಬತ್ತು’ ಮೊದಲಾದ ಉದ್ದ ಪದಗಳು ನಾಲಗೆಯನ್ನು ತಡೆದುವು, ನಾಲಗೆಯ ಜೊತೆಗೆ ಕೈಯೂ ನಿಧಾನವಾಯಿತು! ಶಿಕ್ಷಕಿಯು ನಕ್ಕು, “ಹತ್ತರವರೆಗೆ ಎಣಿಸು ತಂಗಿ, ಹಾಗೆ ಮೂರು ಸಲ ಎಣಿಸು” ಎಂದರು. ಮರುಸುತ್ತಿನಲ್ಲಿ ಲಯವು ಕೆಡಲಿಲ್ಲ. ನಮ್ಮ ಸಂಖ್ಯಾವಾಚಕಗಳ ಉದ್ದವು ಒಂದು ಜೀವಕ್ಕೆ ಸಂಬಂಧಿಸೀತೆಂದು ಇಷ್ಟು ವರ್ಷ ವ್ಯಾಕರಣ ಕಲಿಸಿದ ನಾನು ಎಣಿಸಿರಲಿಲ್ಲ.

ಕಲಿತ ವಿದ್ಯೆಯು ಕೈಯಲ್ಲಿ ಉಳಿಯುವುದೆ? ಇದೇ ಈ ವಿಷಯದ ಕಠಿನವಾದ ಪ್ರಶ್ನೆ. ಸೈಕಲ್ಲು ಕಲಿತವನು ಹತ್ತು ವರ್ಷ ಬಿಟ್ಟು ಹತ್ತಿದರೂ ಓಡಿಸುತ್ತಾನೆ. ಇದು ಹಾಗಲ್ಲ. ತರಬೇತಿಯಾಗಿ ಮೂರರಿಂದ ಆರು ತಿಂಗಳು ಕಳೆಯುವುದರಲ್ಲಿಯೇ ದಾದಿಯರ ಕೈಚಳಕವು ಕುಗ್ಗತೊಡಗುವುದೆಂದು ಅನೇಕ ಅಧ್ಯಯನಗಳು ಕಂಡಿವೆ, ವೈದ್ಯರದೂ ಹಾಗೆಯೇ. ಕ್ರಮವು ಬಾಯಿಪಾಠವಾಗಿ ನೆನಪಿರುತ್ತದೆ. ಆಳವೂ ವೇಗವೂ ಕೈತಪ್ಪುತ್ತವೆ. 2005ರಲ್ಲಿ ಅಮೆರಿಕೆಯ ಶಿಕಾಗೊ ನಗರದ ಆಸ್ಪತ್ರೆಯಲ್ಲಿ 67 ರೋಗಿಗಳಿಗೆ ನಡೆದ ಪುನಶ್ಚೇತನವನ್ನು ಯಂತ್ರದಿಂದ ಅಳೆದಾಗ, ಅಳತೆಗೆ ತೆಗೆದುಕೊಂಡ ಕಾಲಾವಧಿಗಳ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನಲ್ಲಿ ಒತ್ತಿನ ಆಳವು ಸಾಲದಿದ್ದುದು ಕಂಡುಬಂದಿತು. ಒತ್ತುತ್ತಿದ್ದವರು ತರಬೇತಾದವರೇ. ಇಂಥ ತರಬೇತಿಯ ಪ್ರಮಾಣಪತ್ರಗಳಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಅವಧಿಯಿರುತ್ತದೆ. ಗೋಡೆಯ ಮೇಲಿನ ಕಾಗದವು ಎರಡು ವರ್ಷ ಬಾಳಿದರೂ ಕೈಯ ಪಾಟವವು ಆರು ತಿಂಗಳಲ್ಲಿ ಮಾಸುವುದಾದರೆ, ಎರಡು ವರ್ಷಕ್ಕೊಮ್ಮೆ ದಿನವಿಡೀ ಕಲಿಸುವುದಕ್ಕಿಂತ ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಅಭ್ಯಾಸ ಮಾಡಿಸುವುದು ಲೇಸೆಂದು ನನಗೆ ತೋರುತ್ತದೆ. ಕೆಲವು ಕಡೆಗಳಲ್ಲಿ ಗೊಂಬೆಯನ್ನು ಗಾಡಿಯ ಮೇಲಿಟ್ಟು ವಾರ್ಡಿಗೇ ತರುವ ಪದ್ಧತಿಯು ಬಂದಿದೆ. ದಾದಿಯು ಕೆಲಸದ ನಡುವೆಯೇ ಒತ್ತಿ ನೋಡುತ್ತಾಳೆ. ಆಳ ಸರಿಯೆ, ವೇಗ ಸರಿಯೆ ಎಂದು ಯಂತ್ರವೇ ಹೇಳುತ್ತದೆ. ಸಂಗೀತಗಾರನಿಗೆ ದಿನದಿನದ ಸಾಧನೆಯು ಬೇಕೆಂದು ಒಪ್ಪುವ ನಾವು, ದಾದಿಗೆ ಇದಕ್ಕಾಗಿ ಬಿಡುವು ಕೊಡಲು ಏಕೆ ಜಿಪುಣತನ ತೋರಬೇಕು?

ಆಸ್ಪತ್ರೆಯ ಹೊರಗೆ ದಾದಿಯಿರುವುದಿಲ್ಲ. ಮನೆಯಲ್ಲಿಯೋ ಬೀದಿಯಲ್ಲಿಯೋ ಕುಸಿದವರಿಗೆ ನೀವೇ ದಾದಿಗಳು. ಉಪಚಾರವಿಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಉಳಿಯುವ ಸಂಭವವು ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. 108ರ ಆಂಬುಲೆನ್ಸ್ ಸೇವೆಯು 2005ರ ಆಗಸ್ಟ್ 15ರಂದು ಹುಟ್ಟಿದುದು ನಮ್ಮ ಹೈದರಾಬಾದಿನಲ್ಲಿಯೇ. ಆದರೆ ಅದು ಬರಬೇಕಾದುದು ನಮ್ಮ ಹೈದರಾಬಾದಿನ ರಸ್ತೆಗಳಲ್ಲಿಯೇ ಅಲ್ಲವೆ? 2023ರ ಫೆಬ್ರವರಿಯಲ್ಲಿ ಆರಾಮ್‌ಘರ್ ಚೌರಸ್ತೆಯಲ್ಲಿ ಕುಸಿದುಬಿದ್ದ ಒಬ್ಬರನ್ನು, ಅಲ್ಲಿ ಕೆಲಸದಲ್ಲಿದ್ದ ಟ್ರಾಫಿಕ್ ಪೊಲೀಸನೊಬ್ಬನು ಎದೆಯನ್ನೊತ್ತಿ ಉಳಿಸಿಕೊಂಡನು. ಮರುತಿಂಗಳಿನಲ್ಲಿಯೇ ತೆಲಂಗಾಣ ಸರಕಾರವು ಈ ತರಬೇತಿಯನ್ನು ಸಾರ್ವಜನಿಕವಾಗಿ ಆರಂಭಿಸಿತು. ಹನ್ನೆರಡು ವರ್ಷ ದಾಟಿದ ಮಕ್ಕಳಿಗೆ ಶಾಲೆಯಲ್ಲಿ ವರ್ಷಕ್ಕೆ ಎರಡು ಗಂಟೆ ಇದನ್ನು ಕಲಿಸಬೇಕೆಂಬ ಸಲಹೆಗೆ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಬೆಂಬಲವಿತ್ತಿದೆ. ವರ್ಷಕ್ಕೆ ಎರಡು ಗಂಟೆ! ನಮ್ಮ ವಾರ್ಷಿಕೋತ್ಸವದ ಒಂದು ನಾಟಕದ ಅಭ್ಯಾಸಕ್ಕೆ ಅದರ ಹತ್ತರಷ್ಟು ಹೊತ್ತು ಹಿಡಿಯುತ್ತದೆ.

ಭಾರತೀಯ ಅರಿವಳಿಕೆ ತಜ್ಞರ ಸಂಘವು 2017ರಲ್ಲಿ ನಮ್ಮ ದೇಶದ ಸಾಮಾನ್ಯ ಜನರಿಗೆಂದು ಸರಳವಾದ ಕ್ರಮವನ್ನು ಗೊತ್ತುಮಾಡಿದೆ. ಅದರಲ್ಲಿ ಬಾಯಿಗೆ ಬಾಯಿಟ್ಟು ಊದುವುದಿಲ್ಲ, ಬರಿಯ ಒತ್ತುವಿಕೆ. ದೊಡ್ಡವರೊಬ್ಬರು ಕುಸಿದುಬಿದ್ದರೆ ಭುಜವನ್ನು ತಟ್ಟಿ ಕರೆಯಿರಿ. ಉತ್ತರವಿಲ್ಲದೆ, ಉಸಿರೂ ಸರಿಯಾಗಿ ಆಡದಿದ್ದರೆ ಜನರನ್ನು ಕೂಗಿ, 108ಕ್ಕೆ ಫೋನು ಮಾಡಿಸಿ. ಒಂದು ಮಾತು ನೆನಪಿರಲಿ: ಹೃದಯ ನಿಂತವರು ಮೊದಲ ಕೆಲವು ನಿಮಿಷ ಆಗೊಮ್ಮೆ ಈಗೊಮ್ಮೆ ಬಾಯ್ದೆರೆದು ಗೊರಕೆಯಂಥ ಸದ್ದು ಮಾಡುವುದುಂಟು. ಅದು ಉಸಿರಾಟವಲ್ಲ. ಅದನ್ನು ಉಸಿರೆಂದು ನಂಬಿ ಕಾದು ಕುಳಿತುದರಿಂದಲೇ ಎಷ್ಟೋ ಜೀವಗಳು ಹೋಗಿವೆ. ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒತ್ತತೊಡಗಿ. ನೀವು ಚಿಕ್ಕವರಾಗಿ ಮೈತೂಕ ಸಾಲದಿದ್ದರೆ ದೊಡ್ಡವರನ್ನು ಕರೆದು, ಕೈಯನ್ನು ಎಲ್ಲಿಡಬೇಕು, ಹೇಗೆ ಎಣಿಸಬೇಕು ಎಂಬುದನ್ನು ಹೇಳಿಕೊಡಿ. ಅದೂ ಒತ್ತಿದಷ್ಟೇ ಉಪಕಾರ. ನೀರಿನಲ್ಲಿ ಮುಳುಗಿದವರಿಗೂ ಸಣ್ಣ ಮಕ್ಕಳಿಗೂ ಮಾತ್ರ ಉಸಿರನ್ನು ಕೊಡುವುದು ಅಗತ್ಯವಾದುದರಿಂದ ಅದನ್ನು ಬಲ್ಲವರಿಂದ ಕಲಿತಿರಬೇಕು. ಅಭ್ಯಾಸವೆಲ್ಲ ಗೊಂಬೆಯ ಮೇಲೆಯೇ ನಡೆಯಲಿ. ಮಿಡಿಯುತ್ತಿರುವ ಹೃದಯವುಳ್ಳ ಗೆಳೆಯನ ಎದೆಯ ಮೇಲೆ ಇದನ್ನು ಆಟಕ್ಕೂ ಮಾಡಕೂಡದು.

ಆಂಬುಲೆನ್ಸಿನವರು ಬಂದು ತಮ್ಮ ಕೈಯನ್ನು ಇಡುವವರೆಗೆ ನಿಮ್ಮ ಕೈಯನ್ನು ತೆಗೆಯಬೇಡಿ. ಅವರಿಗೆ ಹೇಳಬೇಕಾದುದು ಸ್ವಲ್ಪವೇ: ಎಷ್ಟು ಹೊತ್ತಿಗೆ ಕುಸಿದರು, ಎಷ್ಟು ಹೊತ್ತಿಗೆ ಒತ್ತಲು ಮೊದಲು ಮಾಡಿದಿರಿ, ನಡುವೆ ಮೈಯಲ್ಲಿ ಚಲನೆಯೇನಾದರೂ ಕಂಡಿತೆ. ಮುಂದೆ ಆಸ್ಪತ್ರೆಯ ದಾದಿಯು ತನ್ನ ಕಾಗದದಲ್ಲಿ ಬರೆದುಕೊಳ್ಳುವ ಮೊದಲನೆಯ ಸಾಲು ಅದೇ.